ಬೆಳಕು ಬಿಟ್ಟು ಕರೆಂಟು ಅಳೆಯುವ ವಿದ್ಯೆ

ಅರೆವಾಹಕದ ತೆಳುಪದರ ಬಳಿದ ಎಲೆಕ್ಟ್ರೋಡನ್ನು ಲವಣ ಕರಗಿದ ನೀರಿನಲ್ಲಿ ಮುಳುಗಿಸಿ, ತಕ್ಕ ಬಣ್ಣದ ಬೆಳಕು ಬಿಟ್ಟರೆ ಅದಕ್ಕೆ ಜೋಡಿಸಿದ ತಂತಿಯಲ್ಲಿ ಸಣ್ಣ ಕರೆಂಟು ಹರಿಯುತ್ತದೆ. ಬೆಳಕು ಆರಿಸಿದರೆ ನಿಲ್ಲುತ್ತದೆ. ನೀರಿನಲ್ಲಿ ಏನು ಕರಗಿದೆ, ಎಲೆಕ್ಟ್ರೋಡಿನ ಮೈಗೆ ಏನು ಅಂಟಿದೆ ಎಂಬುದಕ್ಕೆ ತಕ್ಕಂತೆ ಆ ಕರೆಂಟು ಏರುತ್ತದೆ, ಇಳಿಯುತ್ತದೆ. ದ್ಯುತಿ-ವಿದ್ಯುದ್ರಾಸಾಯನಿಕ ಸಂವೇದಕ ಎಂಬ ಉದ್ದ ಹೆಸರಿನ ಸಾಧನಗಳ ಮೂಲತತ್ವ ಇಷ್ಟೇ. ಕೊಳಚೆ ನೀರಿನ ಮಾಲಿನ್ಯ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಪ್ರೋಟೀನು, ನೀರಿಗೆ ಸೇರಿದ ಫೀನಾಲು, ಆಂಟಿಬಯಾಟಿಕ್ ಹೀಗೆ ಹಲವು ವಸ್ತುಗಳನ್ನು ಈ ದಾರಿಯಲ್ಲಿ ಅಳೆಯುವ ಕೆಲಸ ಪ್ರಪಂಚದ ಎಷ್ಟೋ ಪ್ರಯೋಗಾಲಯಗಳಲ್ಲಿ ನಡೆದಿದೆ.

ಬೆಳಕಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ರಸಾಯನವನ್ನು ಅಳೆಯುವ ಸಾಧನಗಳು ಮನೆಮನೆಯಲ್ಲೂ ಇವೆ. ಸಕ್ಕರೆ ಕಾಯಿಲೆಯವರು ಬೆರಳು ಚುಚ್ಚಿ ರಕ್ತದ ಹನಿ ಮುಟ್ಟಿಸುವ ಗ್ಲುಕೋಮೀಟರಿನ ಪಟ್ಟಿ ಅಂಥದ್ದು. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಸೂಚಿಸಿದ ಕಿಣ್ವದ ಎಲೆಕ್ಟ್ರೋಡ್ ಅದರ ಮೂಲ. ಪಟ್ಟಿಯ ಮೇಲಿನ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನ್ ಬಿಡಿಸುತ್ತದೆ, ಯಂತ್ರ ಸಣ್ಣ ವೋಲ್ಟೇಜು ಹಾಕಿ ಅದನ್ನು ಎಳೆದುಕೊಂಡು ಅಳೆಯುತ್ತದೆ. ತೊಡಕು ಇರುವುದು ಆ ವೋಲ್ಟೇಜಿನಲ್ಲೇ. ಅದು ಗ್ಲುಕೋಸಿನ ಕಡೆಯ ಎಲೆಕ್ಟ್ರಾನನ್ನು ಮಾತ್ರ ಎಳೆಯುವುದಿಲ್ಲ. ರಕ್ತದಲ್ಲಿರುವ ವಿಟಮಿನ್ ಸಿ, ಜ್ವರಕ್ಕೆ ನುಂಗಿದ ಪ್ಯಾರಸಿಟಮಾಲ್ ಕೂಡ ಎಲೆಕ್ಟ್ರಾನ್ ಕೊಟ್ಟು ಲೆಕ್ಕ ಕೆಡಿಸಬಲ್ಲವು. ಜೊತೆಗೆ, ವೋಲ್ಟೇಜು ಬದಲಾದಾಗಲೆಲ್ಲ ಎಲೆಕ್ಟ್ರೋಡಿನ ಮೇಲ್ಮೈ ಕೆಪಾಸಿಟರಿನಂತೆ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ. ಅಳೆಯಬೇಕಾದ ವಸ್ತು ತೀರಾ ಕಡಿಮೆ ಇದ್ದಾಗ ಈ ಹಿನ್ನೆಲೆ ಕರೆಂಟಿನಲ್ಲಿ ಅಸಲಿ ಕರೆಂಟು ಮುಳುಗಿಹೋಗುತ್ತದೆ.

ಬೆಳಕನ್ನು ಬಳಸಿದಾಗ ರಾಸಾಯನಿಕ ಕ್ರಿಯೆಗೆ ಬೇಕಾದ ಶಕ್ತಿಯ ಬಹುಪಾಲನ್ನು ಬೆಳಕೇ ಕೊಡುತ್ತದೆ. ಎಲೆಕ್ಟ್ರೋಡಿಗೆ ಹಾಕಬೇಕಾದ ವೋಲ್ಟೇಜು ಅಲ್ಪ, ಕೆಲವೊಮ್ಮೆ ಸೊನ್ನೆ. ಮೇಲಾಗಿ ಬೆಳಕನ್ನು ಬೇಕಾದಾಗ ಹಚ್ಚಿ ಆರಿಸಬಹುದು. ಕಿರಾಣಿ ಅಂಗಡಿಯಲ್ಲಿ ಖಾಲಿ ಡಬ್ಬಿಯ ತೂಕ ಮೊದಲು ನೋಡಿಕೊಂಡು ಆಮೇಲೆ ಎಣ್ಣೆ ತುಂಬಿಸಿದ ತೂಕದಿಂದ ಕಳೆಯುವ ಹಾಗೆ, ಕತ್ತಲಲ್ಲಿ ಹರಿಯುವ ಕರೆಂಟನ್ನು ಬೆಳಕಿನಲ್ಲಿ ಹರಿಯುವುದರಿಂದ ಕಳೆದರೆ ಉಳಿದದ್ದು ಬೆಳಕಿನಿಂದಲೇ ಬಂದದ್ದು. ಬೆಳಕನ್ನು ಸೆಕೆಂಡಿಗೆ ಇಷ್ಟು ಸಲ ಎಂದು ಲಯಬದ್ಧವಾಗಿ ಮಿಟುಕಿಸಿ, ಅದೇ ಲಯದ ಕರೆಂಟನ್ನು ಮಾತ್ರ ಹೆಕ್ಕುವ ಎಲೆಕ್ಟ್ರಾನಿಕ್ ಮಂಡಲವನ್ನು ಜೋಡಿಸಿದರೆ ನ್ಯಾನೋ ಆಂಪಿಯರಿನಷ್ಟು ಸಣ್ಣ ಕರೆಂಟೂ ಸ್ಪಷ್ಟವಾಗಿ ಕಾಣಿಸುತ್ತದೆ.

ಅರೆವಾಹಕದೊಳಗೆ ಆಗುವುದೇನು? ಅದರ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಕೆಳಗಿನ ಶಕ್ತಿಪಟ್ಟಿಯಲ್ಲಿ ಕಟ್ಟುಬಿದ್ದಿರುತ್ತವೆ. ಮೇಲಿನ ಪಟ್ಟಿಗೂ ಕೆಳಗಿನದಕ್ಕೂ ನಡುವೆ ಒಂದು ಅಂತರವಿದೆ. ಆ ಅಂತರವನ್ನು ದಾಟಿಸುವಷ್ಟು ಶಕ್ತಿಯುಳ್ಳ ಫೋಟಾನ್ ಬಿದ್ದರೆ ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಅದು ಬಿಟ್ಟ ಜಾಗ ಧನಾವೇಶದ ರಂಧ್ರವಾಗಿ ಉಳಿಯುತ್ತದೆ. ಎರಡನ್ನೂ ಹಾಗೇ ಬಿಟ್ಟರೆ ಕ್ಷಣದಲ್ಲಿ ಮತ್ತೆ ಕೂಡಿಕೊಂಡು ಶಕ್ತಿಯನ್ನು ಶಾಖವಾಗಿ ಕಳೆದುಬಿಡುತ್ತವೆ. ಆದರೆ ಅರೆವಾಹಕ ಮತ್ತು ದ್ರಾವಣ ಸೇರುವ ಗಡಿಯಲ್ಲಿ ತಾನಾಗಿಯೇ ಒಂದು ವಿದ್ಯುತ್ ಕ್ಷೇತ್ರ ಏರ್ಪಡುತ್ತದೆ. ಟೈಟಾನಿಯಂ ಡೈಆಕ್ಸೈಡಿನಂಥ ಎನ್-ಮಾದರಿಯ ಅರೆವಾಹಕದಲ್ಲಿ ಈ ಕ್ಷೇತ್ರ ಎಲೆಕ್ಟ್ರಾನನ್ನು ಒಳಕ್ಕೆ, ತಂತಿಯ ಕಡೆಗೆ ತಳ್ಳುತ್ತದೆ. ರಂಧ್ರವನ್ನು ಮೇಲ್ಮೈಗೆ ಕಳಿಸುತ್ತದೆ. ಮೇಲ್ಮೈಗೆ ಬಂದ ರಂಧ್ರ ಅಲ್ಲಿ ಸಿಕ್ಕ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಅಂದರೆ ಆ ಅಣು ಉತ್ಕರ್ಷಣಗೊಳ್ಳುತ್ತದೆ. ಪಿ-ಮಾದರಿಯಲ್ಲಿ ಎಲ್ಲವೂ ತಿರುಗುಮುರುಗು.

ಇದನ್ನು ಮೊದಲು ಕಂಡವರು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. 1839ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ದ್ರಾವಣದಲ್ಲಿ ಮುಳುಗಿಸಿದ ಪ್ಲಾಟಿನಂ ತಗಡುಗಳ ಮೇಲೆ ಬೆಳಕು ಬಿದ್ದಾಗ ಕರೆಂಟು ಹುಟ್ಟುವುದನ್ನು ವರದಿ ಮಾಡಿದರು. ಬೆಳ್ಳಿಯ ಲವಣಗಳು ಈ ಪ್ರಯೋಗಗಳಲ್ಲಿ ಮುಖ್ಯ ಪಾತ್ರ ವಹಿಸಿದ್ದವು. ಸೋಲಾರ್ ಪ್ಯಾನೆಲಿನ ಚರಿತ್ರೆ ಬರೆಯುವವರೆಲ್ಲ ಇಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಬೆಕೆರೆಲ್ ಮಾಡಿದ್ದು ಒದ್ದೆ ಪ್ರಯೋಗ ಎಂಬುದನ್ನು ಗಮನಿಸಿದರೆ, ಅದರ ನೇರ ವಾರಸುದಾರಿಕೆ ಸೋಲಾರ್ ಪ್ಯಾನೆಲಿಗಿಂತ ಈ ಸಂವೇದಕಗಳಿಗೇ ಹೆಚ್ಚು ಸಲ್ಲಬೇಕು. ಆತ ಕಂಡದ್ದಕ್ಕೆ ಸರಿಯಾದ ವಿವರಣೆ ಸಿಗಲು ನೂರು ವರ್ಷಕ್ಕೂ ಮೇಲೆ ಹಿಡಿಯಿತು. 1955ರಲ್ಲಿ ಬೆಲ್ ಪ್ರಯೋಗಾಲಯದ ಬ್ರಾಟನ್ ಮತ್ತು ಗ್ಯಾರೆಟ್ ಜರ್ಮೇನಿಯಂ ಹರಳು ದ್ರಾವಣವನ್ನು ಮುಟ್ಟುವ ಗಡಿಯನ್ನು ಅಭ್ಯಸಿಸಿದರು. ಜರ್ಮನಿಯ ಹೈನ್ಸ್ ಗೆರಿಷರ್ ಮುಂದೆ ಅದಕ್ಕೆ ಗಟ್ಟಿಯಾದ ಸಿದ್ಧಾಂತ ಕಟ್ಟಿದರು.

ಜಗತ್ತಿನ ಕಣ್ಣು ಈ ಕಡೆ ಹೊರಳಿದ್ದು 1972ರಲ್ಲಿ. ಟೋಕಿಯೋ ವಿಶ್ವವಿದ್ಯಾಲಯದ ಕೆನಿಚಿ ಹೊಂಡ ಅವರ ಬಳಿ ಸಂಶೋಧನೆ ಮಾಡುತ್ತಿದ್ದಾಗ ಅಕಿರ ಫುಜಿಶಿಮ ಅವರು ಟೈಟಾನಿಯಂ ಡೈಆಕ್ಸೈಡಿನ ಹರಳಿನ ಮೇಲೆ ಬೆಳಕು ಬಿಟ್ಟು ನೀರನ್ನೇ ಒಡೆದಿದ್ದರು. ಹರಳಿನ ಮೇಲೆ ಆಮ್ಲಜನಕದ ಗುಳ್ಳೆ, ಎದುರಿನ ಪ್ಲಾಟಿನಂ ಮೇಲೆ ಜಲಜನಕ. ಇಬ್ಬರೂ ಸೇರಿ 'ನೇಚರ್' ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದ ಮರುವರ್ಷವೇ ತೈಲ ಬಿಕ್ಕಟ್ಟು ಬಂತು. ಬಿಸಿಲಿನಿಂದ ಇಂಧನ ತೆಗೆಯುವ ಆಸೆ ಚಿಗುರಿತು. ಆಸೆ ಪೂರ್ತಿ ಕೈಗೂಡಲಿಲ್ಲ. ಟೈಟಾನಿಯಂ ಡೈಆಕ್ಸೈಡಿನ ಶಕ್ತಿಯ ಅಂತರ ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್. ಅದನ್ನು ದಾಟಿಸಲು 387 ನ್ಯಾನೋಮೀಟರಿಗಿಂತ ಚಿಕ್ಕ ತರಂಗಾಂತರದ ನೇರಳಾತೀತ ಬೆಳಕೇ ಬೇಕು. ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದರಷ್ಟು ಮಾತ್ರ.

ಇಂಧನದ ಲೆಕ್ಕದಲ್ಲಿ ಸೋತ ವಸ್ತು ಅಳತೆಯ ಲೆಕ್ಕದಲ್ಲಿ ಸೋಲಬೇಕಾಗಿಲ್ಲ. ವಿದ್ಯುತ್ತು ಉತ್ಪಾದಿಸುವವನಿಗೆ ಬೀಳುವ ಬೆಳಕಿನ ಎಷ್ಟು ಪಾಲು ದಕ್ಕಿತು ಎಂಬ ಚಿಂತೆ. ಅಳೆಯುವವನಿಗೆ ಆ ಚಿಂತೆ ಇಲ್ಲ. ಇಂದು ಬಂದ ಅಂಕಿ ನಾಳೆಯೂ ಬರಬೇಕು, ಅಷ್ಟೇ. ಬಿಸಿಲನ್ನೇ ನೆಚ್ಚಬೇಕೆಂದೂ ಇಲ್ಲ, ಪುಟ್ಟ ಎಲ್‌ಇಡಿ ಸಾಕು. ಗ್ಯಾಲಿಯಂ ನೈಟ್ರೈಡಿನಿಂದ ನೀಲಿ ಎಲ್‌ಇಡಿ ಮಾಡಿದ್ದಕ್ಕೆ ಅಕಾಸಾಕಿ, ಅಮಾನೊ, ನಾಕಾಮುರ ಮೂವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ಬಗೆಯ ವಸ್ತುಗಳಿಂದ ಮಾಡಿದ 365 ನ್ಯಾನೋಮೀಟರಿನ ನೇರಳಾತೀತ ಎಲ್‌ಇಡಿಗಳು ದೊಡ್ಡ ಕ್ಸೆನಾನ್ ದೀಪಗಳ ಜಾಗಕ್ಕೆ ಬಂದ ಮೇಲೆ ಇಡೀ ಉಪಕರಣ ಮೇಜಿನ ಮೂಲೆಯಲ್ಲಿ ಕೂರುವಷ್ಟಾಯಿತು. ಟೈಟಾನಿಯಂ ಡೈಆಕ್ಸೈಡು ಅಗ್ಗ, ವಿಷವಲ್ಲ, ಆಮ್ಲಕ್ಕೂ ಬೆಳಕಿಗೂ ಜಗ್ಗುವುದಿಲ್ಲ. ಗೋಡೆಗೆ ಹೊಡೆಯುವ ಬಿಳಿ ಪೇಂಟಿನಲ್ಲಿ ಇರುವುದೂ ಇದೇ. ಬೆಳಕು ಬಿದ್ದಾಗ ಅದರ ಮೇಲ್ಮೈಗೆ ಬರುವ ರಂಧ್ರವಂತೂ ಸಿಕ್ಕಿದ್ದನ್ನೆಲ್ಲ ಸುಡುವಷ್ಟು ಪ್ರಬಲ ಉತ್ಕರ್ಷಕ. 1977ರಲ್ಲೇ ಟೆಕ್ಸಸ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಮತ್ತು ಅಲೆನ್ ಬಾರ್ಡ್, ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡು ನೀರಿನಲ್ಲಿನ ಸಯನೈಡನ್ನು ನಾಶಮಾಡುವುದನ್ನು ತೋರಿಸಿದ್ದರು.

ಈ ಸುಡುವ ಗುಣ ಪೂರ್ಣವಾಗಿ ಕೆಲಸಕ್ಕೆ ಬಂದದ್ದು ಕೊಳಚೆ ನೀರಿನ ಪರೀಕ್ಷೆಯಲ್ಲಿ. ನೀರಿನಲ್ಲಿ ಸಾವಯವ ಕಸ ಎಷ್ಟಿದೆ ಎಂದು ಹೇಳಲು ಎರಡು ಅಳತೆಗಳು ಬಳಕೆಯಲ್ಲಿವೆ. ಬಿಒಡಿ, ಅಂದರೆ ಸೂಕ್ಷ್ಮಜೀವಿಗಳು ಆ ಕಸವನ್ನು ತಿನ್ನಲು ಎಷ್ಟು ಆಮ್ಲಜನಕ ಬಳಸುತ್ತವೆ ಎಂಬುದು. ಇದಕ್ಕೆ ಭಾರತದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಕಾಯಬೇಕು. ಇನ್ನೊಂದು ಸಿಒಡಿ, ಅಂದರೆ ರಾಸಾಯನಿಕವಾಗಿ ಅದನ್ನು ಸುಡಲು ಬೇಕಾಗುವ ಆಮ್ಲಜನಕ. ಕೇಂದ್ರದ ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಿತಿಯ ಪ್ರಕಾರ ಕೆರೆ, ಹೊಳೆಗಳಿಗೆ ಬಿಡುವ ತ್ಯಾಜ್ಯ ನೀರಿನ ಸಿಒಡಿ ಲೀಟರಿಗೆ 250 ಮಿಲಿಗ್ರಾಂ ಮೀರಕೂಡದು.

ಸಿಒಡಿ ಪರೀಕ್ಷೆ ಲ್ಯಾಬಿನಲ್ಲಿ ನಡೆಯುವ ರೀತಿ ಹೀಗಿದೆ. ನೀರಿನ ಮಾದರಿಗೆ ಕಿತ್ತಳೆ ಬಣ್ಣದ ಪೊಟ್ಯಾಸಿಯಂ ಡೈಕ್ರೋಮೇಟ್ ಮತ್ತು ಗಾಢ ಗಂಧಕಾಮ್ಲ ಸೇರಿಸಬೇಕು. ಕ್ರಿಯೆಗೆ ಚುರುಕು ಕೊಡಲು ಸಿಲ್ವರ್ ಸಲ್ಫೇಟು, ಕ್ಲೋರೈಡು ಅಡ್ಡ ಬರದಿರಲು ಪಾದರಸದ ಸಲ್ಫೇಟು. 150 ಡಿಗ್ರಿಯ ಆಸುಪಾಸಿನಲ್ಲಿ ಎರಡು ಗಂಟೆ ಕುದಿಸಿ, ಆರಿಸಿ, ಉಳಿದ ಡೈಕ್ರೋಮೇಟಿಗೆ ಬ್ಯೂರೆಟ್ಟಿನಿಂದ ಫೆರಸ್ ಅಮೋನಿಯಂ ಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಫೆರೋಯಿನ್ ಸೂಚಕ ಹಾಕಿದ ದ್ರಾವಣ ನೀಲಿ-ಹಸಿರಿನಿಂದ ಥಟ್ಟನೆ ಕೆಂಗಂದು ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿ ಲೆಕ್ಕ ಹಾಕುತ್ತಾರೆ. ಎಣಿಸಿದ್ದು ನೀರಿನ ಕೊಳೆಯನ್ನು. ಕೊನೆಗೆ ಫ್ಲಾಸ್ಕಿನಲ್ಲಿ ಉಳಿಯುವುದು ಕ್ರೋಮಿಯಂ, ಬೆಳ್ಳಿ, ಪಾದರಸ ಬೆರೆತ ಆಮ್ಲ. ಮಾಲಿನ್ಯ ಅಳೆಯಲು ಹೋಗಿ ಅದಕ್ಕಿಂತ ಕೆಟ್ಟ ಮಾಲಿನ್ಯ ಕೈಗೆ ಬರುತ್ತದೆ.

ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದ ಹುಯಿಜುನ್ ಝಾವೋ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ವಿಧಾನ ಈ ಇಡೀ ಸರಂಜಾಮನ್ನು ಪಕ್ಕಕ್ಕಿಟ್ಟಿತು. ಟೈಟಾನಿಯಂ ಡೈಆಕ್ಸೈಡಿನ ನ್ಯಾನೋಕಣಗಳ ಪದರವಿರುವ ತೆಳ್ಳನೆಯ ಕೋಶವೊಂದರೊಳಗೆ ಕೆಲವೇ ಮೈಕ್ರೋಲೀಟರ್ ನೀರನ್ನು ಹಿಡಿದು, ನೇರಳಾತೀತ ಬೆಳಕು ಬಿಟ್ಟು, ಕೋಶದಲ್ಲಿರುವ ಸಾವಯವ ವಸ್ತುವನ್ನು ಪೂರ್ತಿಯಾಗಿ ಸುಟ್ಟುಬಿಡುವುದು. ಸುಡುವಾಗ ಅವು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನೆಲ್ಲ ಎಣಿಸುವುದು. ಒಂದು ಗ್ಲುಕೋಸ್ ಅಣು ಇಂಗಾಲದ ಡೈಆಕ್ಸೈಡಾಗಿ ಮುಗಿಯುವ ಹೊತ್ತಿಗೆ 24 ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಆಮ್ಲಜನಕದ ಒಂದು ಅಣು ಸ್ವೀಕರಿಸುವುದು ನಾಲ್ಕನ್ನು. ಹಾಗಾಗಿ ಎಲೆಕ್ಟ್ರಾನಿನ ಎಣಿಕೆಯನ್ನು ನಾಲ್ಕರಿಂದ ಭಾಗಿಸಿದರೆ ಎಷ್ಟು ಆಮ್ಲಜನಕ ಬೇಕಿತ್ತೆಂಬುದು ನೇರವಾಗಿ ಸಿಗುತ್ತದೆ. ಫ್ಯಾರಡೆಯ ನಿಯಮದ ಹೊರತು ಬೇರೆ ಯಾವ ಸಿದ್ಧಾಂತವೂ ಇಲ್ಲಿ ಬೇಕಿಲ್ಲ.

ಅಂಕಿ ಹಾಕಿ ನೋಡಬಹುದು. ಕೋಶದ ಅಳತೆ 10 ಮೈಕ್ರೋಲೀಟರ್, ನೀರಿನ ಸಿಒಡಿ ಲೀಟರಿಗೆ 100 ಮಿಲಿಗ್ರಾಂ ಎಂದಿಟ್ಟುಕೊಂಡರೆ, ಕೋಶದೊಳಗಿನ ಕೊಳೆಗೆ ಬೇಕಾದ ಆಮ್ಲಜನಕ ಒಂದು ಮಿಲಿಗ್ರಾಮಿನ ಸಾವಿರದ ಒಂದು ಪಾಲು. ಅದಕ್ಕೆ ಸಮನಾದ ವಿದ್ಯುದಾವೇಶ ಸುಮಾರು 12 ಮಿಲಿಕೂಲಂಬ್. ಸರಾಸರಿ 40 ಮೈಕ್ರೋಆಂಪಿಯರ್ ಕರೆಂಟು ಐದು ನಿಮಿಷ ಹರಿದರೆ ಅಷ್ಟಾಗುತ್ತದೆ. ಸಾಧಾರಣ ಎಲೆಕ್ಟ್ರಾನಿಕ್ ಉಪಕರಣಕ್ಕೆ ಇದನ್ನು ಅಳೆಯುವುದು ಕಷ್ಟವೇನಲ್ಲ. ಪರದೆಯ ಮೇಲೆ ಕರೆಂಟಿನ ಗೆರೆ ಬೆಳಕು ಬಿದ್ದ ಕೂಡಲೇ ಜಿಗಿದು, ಕೊಳೆ ಸುಟ್ಟುಹೋದಂತೆ ಇಳಿಯುತ್ತ ಬಂದು, ಕಡೆಗೆ ಒಂದು ಮಟ್ಟದಲ್ಲಿ ಸಪಾಟಾಗುತ್ತದೆ. ಆ ಸಪಾಟು ಮಟ್ಟ ಬರೀ ನೀರೇ ಉತ್ಕರ್ಷಣಗೊಳ್ಳುವುದರಿಂದ ಬರುವ ಕರೆಂಟು. ಅದನ್ನು ಕಳೆದು ಉಳಿದ ವಿಸ್ತೀರ್ಣವೇ ಉತ್ತರ. ಎರಡು ಗಂಟೆಯ ಕುದಿತಕ್ಕೆ ಬದಲು ಕೆಲವು ನಿಮಿಷ; ಕ್ರೋಮಿಯಂ, ಪಾದರಸದ ಸುದ್ದಿಯೇ ಇಲ್ಲ. ಮುಂದೆ ಈ ವಿಧಾನದ ಉಪಕರಣ 'ಪಿ-ಇ-ಸಿಒಡಿ' ಎಂಬ ಹೆಸರಲ್ಲಿ ಮಾರುಕಟ್ಟೆಗೂ ಬಂತು.

ಭಾರತದಲ್ಲಿ ಇಂಥ ಅಳತೆಗೆ ಜಾಗ ಬೇಕಾದಷ್ಟಿದೆ. ಅತಿ ಮಾಲಿನ್ಯಕಾರಿ ಎನಿಸಿದ 17 ಬಗೆಯ ಕೈಗಾರಿಕೆಗಳು ತ್ಯಾಜ್ಯದ ಮೇಲೆ ದಿನವಿಡೀ ಕಣ್ಣಿಡುವ ಯಂತ್ರಗಳನ್ನು ಕೂಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಸೂಚಿಸಿತು. ಅಲ್ಲಿ ಸಾಮಾನ್ಯವಾಗಿ ಬಳಸುವ ಒಂದು ವಿಧಾನ, ನೀರು ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡಿ ಸಿಒಡಿ ಅಂದಾಜು ಮಾಡುವುದು. ಸಕ್ಕರೆ, ಮದ್ಯಸಾರಗಳು ಆ ಬೆಳಕನ್ನು ಹೀರುವುದೇ ಕಡಿಮೆ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಂಥಲ್ಲಿ ಮಾಲಿನ್ಯದ ಮುಖ್ಯ ಪಾಲೇ ಈ ಕಣ್ಣಿಗೆ ಮಸುಕಾಗಿ ಕಾಣುತ್ತದೆ. ಸುಟ್ಟು ಎಣಿಸುವ ವಿಧಾನಕ್ಕೆ ಸಕ್ಕರೆ ಸಲೀಸಾದ ತುತ್ತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಡಿ 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರು ಎಷ್ಟು ಶುದ್ಧ ಎಂಬ ತಕರಾರು ಮೊದಲ ವರ್ಷವೇ ಹೈಕೋರ್ಟಿನ ಮೆಟ್ಟಿಲೇರಿತು. ಇಂಥ ಕಡೆ ಪಂಪಿನ ಬಳಿಯೇ ನಿಮಿಷಗಳಲ್ಲಿ ಸಿಗುವ ಅಂಕಿಯ ಬೆಲೆ, ಮಾದರಿ ಲ್ಯಾಬಿಗೆ ಹೋಗಿ ಮರುದಿನ ಬರುವ ವರದಿಗಿಂತ ಹೆಚ್ಚು.

ಇದರ ಮಿತಿಗಳನ್ನೂ ಹೇಳಬೇಕು. ನೀರಿನಲ್ಲಿ ತೇಲುವ ಕಣಗಳು ತೆಳು ಕೋಶದೊಳಗೆ ಸುಡುವುದಿಲ್ಲ, ಹಾಗಾಗಿ ಮೊದಲು ಸೋಸಬೇಕು. ಸಿಒಡಿ ಬಹಳ ಹೆಚ್ಚಿದ್ದರೆ ತೆಳು ಮಾಡಿಕೊಳ್ಳಬೇಕು. ಉಪ್ಪಿನಂಶ ಜಾಸ್ತಿ ಇದ್ದರೆ ರಂಧ್ರಗಳು ಕ್ಲೋರೈಡನ್ನೂ ಉತ್ಕರ್ಷಿಸಿ ಲೆಕ್ಕ ಉಬ್ಬಿಸುತ್ತವೆ.

ಎಲ್ಲವನ್ನೂ ಸುಡುವುದು ಒಂದು ದಾರಿಯಾದರೆ, ನೂರಾರು ವಸ್ತುಗಳ ನಡುವೆ ಒಂದನ್ನೇ ಗುರುತಿಸುವುದು ಇನ್ನೊಂದು. ವೈದ್ಯಕೀಯಕ್ಕೆ ಬೇಕಾದದ್ದು ಎರಡನೆಯದು. ಪ್ರಾಸ್ಟೇಟ್ ತೊಂದರೆಯ ಸುಳಿವು ಕೊಡುವ ಪಿಎಸ್ಎ ಪ್ರೋಟೀನಿಗೆ ವಾಡಿಕೆಯ ಎಚ್ಚರಿಕೆಯ ಗಡಿ ರಕ್ತದ ಒಂದು ಮಿಲಿಲೀಟರಿಗೆ 4 ನ್ಯಾನೋಗ್ರಾಂ. ಇಷ್ಟು ಸೂಕ್ಷ್ಮವಾದದ್ದನ್ನು ಹಿಡಿಯಲು ಎಲೆಕ್ಟ್ರೋಡಿನ ಮೇಲೆ ಅದಕ್ಕೇ ಒಗ್ಗುವ ಪ್ರತಿಕಾಯಗಳನ್ನು ಕೂಡಿಸುತ್ತಾರೆ. ಪ್ರೋಟೀನು ಬಂದು ಅಂಟಿದಾಗ ಮೇಲ್ಮೈಗೆ ಬರಬೇಕಾದ ಅಣುಗಳ ದಾರಿ ಅಷ್ಟರಮಟ್ಟಿಗೆ ಮುಚ್ಚಿ ಕರೆಂಟು ಇಳಿಯುತ್ತದೆ. ಇಳಿತ ಸಾಲದಾದರೆ, ಕಿಣ್ವ ತೊಡಿಸಿದ ಎರಡನೆಯ ಪ್ರತಿಕಾಯವನ್ನು ಅದರ ಮೇಲೆ ಕೂಡಿಸುತ್ತಾರೆ. ಪೆರಾಕ್ಸಿಡೇಸ್ ಕಿಣ್ವವಾದರೆ ಕರಗದ ಗಸಿ ಕಟ್ಟಿಸಿ ಎಲೆಕ್ಟ್ರೋಡನ್ನು ಇನ್ನಷ್ಟು ಮುಚ್ಚುತ್ತದೆ. ಆಲ್ಕಲೈನ್ ಫಾಸ್ಫಟೇಸ್ ಆದರೆ ಅಲ್ಲೇ ವಿಟಮಿನ್ ಸಿ ತಯಾರಿಸಿ, ಅದು ರಂಧ್ರಗಳಿಗೆ ಎಲೆಕ್ಟ್ರಾನ್ ಕೊಟ್ಟು ಕರೆಂಟನ್ನು ಏರಿಸುತ್ತದೆ. ಗ್ಲುಕೋಮೀಟರಿನ ಲೆಕ್ಕ ಕೆಡಿಸುವ ವಿಟಮಿನ್ನೇ ಇಲ್ಲಿ ಸಂಕೇತ ಹೊರುವ ಆಳಾಗಿರುವುದು ತಮಾಷೆಯಾಗಿದೆ.

ಲೋಹದ ಅಯಾನುಗಳಿಗೆ ಬೇರೆ ತಂತ್ರವಿದೆ. ಕ್ಯಾಡ್ಮಿಯಂ ಸಲ್ಫೈಡಿನ ಕ್ವಾಂಟಂ ಚುಕ್ಕಿಗಳ ಪದರಕ್ಕೆ ತಾಮ್ರದ ಅಯಾನು ತಾಗಿದರೆ ಕ್ಯಾಡ್ಮಿಯಂ ಜಾಗದಲ್ಲಿ ತಾನು ಕೂತು ತಾಮ್ರದ ಸಲ್ಫೈಡಾಗುತ್ತದೆ. ಅಂಥ ತಾಣಗಳಲ್ಲಿ ಎಲೆಕ್ಟ್ರಾನ್, ರಂಧ್ರಗಳು ಬೇಗ ಕೂಡಿಕೊಂಡು ಕರೆಂಟು ಕುಸಿಯುತ್ತದೆ. ಕುಸಿತವೇ ತಾಮ್ರದ ಅಳತೆ. ಕ್ಯಾಡ್ಮಿಯಂ ಸ್ವತಃ ವಿಷವಾದ್ದರಿಂದ ಸಂಶೋಧಕರ ಒಲವು ಬಿಸ್ಮತ್ ವನಾಡೇಟು, ಗ್ರಾಫೈಟಿನಂತೆ ಪದರಗಟ್ಟಿದ ಕಾರ್ಬನ್ ನೈಟ್ರೈಡುಗಳ ಕಡೆ ತಿರುಗಿದೆ. ಇವಕ್ಕೆ ಕಣ್ಣಿಗೆ ಕಾಣುವ ನೀಲಿ ಬೆಳಕೇ ಸಾಕು. ನೇರಳಾತೀತ ಬೆಳಕಿಗೆ ಪ್ರತಿಕಾಯ, ಡಿಎನ್ಎಗಳು ಕೆಡುವ ಭಯವಿರುವುದರಿಂದ ಜೈವಿಕ ಪರೀಕ್ಷೆಗಳಿಗೆ ಇದು ದೊಡ್ಡ ಅನುಕೂಲ.

ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ಕಾರೊಲೀನ್ ಡೆ ವಾಲ್ ತಂಡ 2017ರಲ್ಲಿ ತೋರಿಸಿದ ಉಪಾಯ ಇವೆಲ್ಲಕ್ಕಿಂತ ಚತುರ. ಅವರು ಬಳಸಿದ್ದು ಥಾಲೋಸಯನಿನ್ ಜಾತಿಯ ಬಣ್ಣದ ಅಣು. ಅದರ ಮೇಲೆ ಕೆಂಪು ಲೇಸರ್ ಬಿದ್ದರೆ ನೀರಿನಲ್ಲಿ ಕರಗಿದ ಸಾಮಾನ್ಯ ಆಮ್ಲಜನಕ ಚುರುಕುಗೊಂಡು 'ಸಿಂಗ್ಲೆಟ್' ಆಮ್ಲಜನಕವಾಗುತ್ತದೆ. ನೀರಿನಲ್ಲಿ ಅದರ ಆಯುಸ್ಸು ಕೆಲವೇ ಮೈಕ್ರೋಸೆಕೆಂಡು. ಅಷ್ಟರೊಳಗೆ ಹತ್ತಿರವಿದ್ದ ಫೀನಾಲನ್ನು ಅದು ಕ್ವಿನೋನಾಗಿ ಮಾರ್ಪಡಿಸುತ್ತದೆ. ಎಲೆಕ್ಟ್ರೋಡು ಎಲೆಕ್ಟ್ರಾನ್ ಕೊಟ್ಟು ಕ್ವಿನೋನನ್ನು ಹಿಂದಕ್ಕೆ ತಿರುಗಿಸುತ್ತದೆ, ಬೆಳಕು ಮತ್ತೆ ಅದನ್ನು ಉತ್ಕರ್ಷಿಸುತ್ತದೆ. ಒಂದೇ ಅಣು ಹೀಗೆ ಸುತ್ತುತ್ತಾ ಮತ್ತೆ ಮತ್ತೆ ಲೆಕ್ಕಕ್ಕೆ ಸಿಗುವುದರಿಂದ ಕರೆಂಟು ಹಿಗ್ಗುತ್ತದೆ. ಕಿಣ್ವವೊಂದು ಮಾಡಬಹುದಾದ ಕೆಲಸ ಇದು. ಆದರೆ ಕಿಣ್ವವನ್ನು ಫ್ರಿಜ್ಜಿನಲ್ಲಿ ಕಾಪಾಡಬೇಕು. ಬಣ್ಣಕ್ಕೆ ಆ ಉಪಚಾರ ಬೇಕಿಲ್ಲ.

ಬೆಳಕಿಗೆ ಇನ್ನೊಂದು ಸಾಮರ್ಥ್ಯವಿದೆ: ಅದನ್ನು ಬೇಕಾದ ಬಿಂದುವಿಗೆ ಗುರಿಯಿಡಬಹುದು. 1988ರಲ್ಲಿ ಹೇಫ್‌ಮನ್, ಪಾರ್ಸ್, ಮ್ಯಾಕ್‌ಕಾನೆಲ್ 'ಸೈನ್ಸ್' ಪತ್ರಿಕೆಯಲ್ಲಿ ವಿವರಿಸಿದ ಸಾಧನ ಇದನ್ನೇ ಬಳಸಿಕೊಂಡಿತು. ಸಿಲಿಕಾನ್ ಬಿಲ್ಲೆ, ಅದರ ಮೇಲೆ ವಿದ್ಯುತ್ತು ಹರಿಯಗೊಡದ ತೆಳುಪದರ, ಅದರ ಮೇಲೆ ದ್ರಾವಣ. ಎಲ್‌ಇಡಿಯ ಮಿಟುಕು ಬೆಳಕು ಬಿಲ್ಲೆಯ ಯಾವ ಜಾಗಕ್ಕೆ ಬೀಳುತ್ತದೋ ಅದೇ ಜಾಗದ ಮೇಲ್ಮೈ ವಿಭವ ಕರೆಂಟಿನಲ್ಲಿ ಕಾಣಿಸುತ್ತದೆ. ಆಮ್ಲೀಯತೆ ಒಂದು ಪಿಎಚ್ ಅಂಶ ಬದಲಾದರೆ ವಿಭವ 25 ಡಿಗ್ರಿಯಲ್ಲಿ ಹೆಚ್ಚೆಂದರೆ 59 ಮಿಲಿವೋಲ್ಟ್ ಸರಿಯುತ್ತದೆ. ಜೀವಕೋಶಗಳು ಬದುಕಿರುವಾಗ ಸುತ್ತಲ ದ್ರವವನ್ನು ಸ್ವಲ್ಪಸ್ವಲ್ಪ ಹುಳಿಯಾಗಿಸುತ್ತವೆ. ಔಷಧ ಹಾಕಿದಾಗ ಹುಳಿಯಾಗುವ ವೇಗ ಬದಲಾದರೆ ಔಷಧ ನಾಟಿತೆಂದು ಅರ್ಥ. ಇದೇ ತತ್ವದ ಮೇಲೆ ಕ್ಯಾಲಿಫೋರ್ನಿಯದ ಕಂಪನಿಯೊಂದು ಕೋಶಗಳ ಚಯಾಪಚಯ ಅಳೆಯುವ ಯಂತ್ರವನ್ನೂ ಮಾರಿತು. ಬೆಳಕಿನ ಚುಕ್ಕಿಯನ್ನು ಸಾಲುಸಾಲಾಗಿ ಓಡಿಸಿ ಇಡೀ ಬಿಲ್ಲೆಯ ಪಿಎಚ್ ನಕ್ಷೆ ಬಿಡಿಸುವ ಕೆಲಸವನ್ನು ಜಪಾನ್, ಜರ್ಮನಿಯ ತಂಡಗಳು ಬೆಳೆಸಿವೆ. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಸ್ಟಿನ್ ಗುಡಿಂಗ್ ತಂಡ 2018ರಲ್ಲಿ, ಸಿಲಿಕಾನ್ ಮೇಲ್ಮೈಗೆ ಹಿಡಿದಿಟ್ಟ ಕೋಶಗಳ ಪೈಕಿ ಒಂದರ ಮೇಲೆ ಮಾತ್ರ ಬೆಳಕು ಬಿಟ್ಟು ಆ ಒಂದನ್ನೇ ಬಿಡಿಸಿತು. ಸಾವಿರ ಎಲೆಕ್ಟ್ರೋಡಿಗೆ ಸಾವಿರ ತಂತಿ ಎಳೆಯುವ ಬದಲು ಒಂದೇ ತಂತಿ, ಚಲಿಸುವ ಬೆಳಕು.

ಇದೆಲ್ಲವನ್ನು ತಿರುವಿಹಾಕಿದ ತಂತ್ರ, ಅಂದರೆ ವಿದ್ಯುತ್ತು ಕೊಟ್ಟು ಬೆಳಕನ್ನು ಅಳೆಯುವುದು, ಆಗಲೇ ಊರೂರಿನ ಡಯಾಗ್ನೋಸ್ಟಿಕ್ ಲ್ಯಾಬುಗಳಲ್ಲಿ ನೆಲೆಯೂರಿದೆ. ಥೈರಾಯ್ಡ್ ವರದಿಯಲ್ಲಿ ವಿಧಾನದ ಹೆಸರಿನ ಜಾಗದಲ್ಲಿ 'ಇಸಿಎಲ್ಐಎ' ಎಂದಿದ್ದರೆ, ರುಥೇನಿಯಂ ಸಂಯುಕ್ತವೊಂದು ಎಲೆಕ್ಟ್ರೋಡಿನ ಮೇಲೆ ಹೊಳೆದದ್ದನ್ನು ಎಣಿಸಿ ಆ ಅಂಕಿ ಬಂದಿದೆ ಎಂದು ತಿಳಿಯಬೇಕು. ಬೆಳಕು ಕೊಟ್ಟು ಕರೆಂಟು ಅಳೆಯುವ ತಂತ್ರ ಆಸ್ಪತ್ರೆಯಲ್ಲಿ ಅಷ್ಟು ದೂರ ಬಂದಿಲ್ಲ.

ಕಾರಣಗಳು ಗುಟ್ಟೇನಲ್ಲ. ಹಲವು ಅರೆವಾಹಕಗಳು ತಮ್ಮ ರಂಧ್ರಗಳಿಂದ ತಾವೇ ಸವೆಯುತ್ತವೆ. ಕ್ಯಾಡ್ಮಿಯಂ ಸಲ್ಫೈಡಿಗೆ ಈ ರೋಗ ವಿಶೇಷ. ಕೈಯಲ್ಲಿ ಮಾಡಿದ ಎರಡು ಎಲೆಕ್ಟ್ರೋಡುಗಳು ಒಂದೇ ಕರೆಂಟು ಕೊಡುವುದು ಅಪರೂಪ. ಎಲ್‌ಇಡಿ ಹಳೆಯದಾದಂತೆ ಮಂಕಾಗುತ್ತದೆ, ಅಂಕಿಯೂ ಅದರೊಂದಿಗೆ ಜಾರುತ್ತದೆ. ರಕ್ತದಲ್ಲಿ ವಿಟಮಿನ್ ಸಿ, ಯೂರಿಕ್ ಆಮ್ಲಗಳು ಬಂದು ಸುಮ್ಮನೆ ಎಲೆಕ್ಟ್ರಾನ್ ಕೊಡುತ್ತವೆ. ಈ ಕೊನೆಯ ಕಾಟ ತಪ್ಪಿಸಲು ಪಿ-ಮಾದರಿಯ ಎಲೆಕ್ಟ್ರೋಡುಗಳನ್ನು ಪ್ರಯತ್ನಿಸುತ್ತಿದ್ದಾರೆ. ಅವು ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಕೊಡುವುದರಿಂದ ಕೊಡುವ ಅಣುಗಳಿಗೆ ಅಲ್ಲಿ ಕೆಲಸವಿಲ್ಲ, ಆದರೆ ಅವುಗಳ ಕರೆಂಟೇ ಕಡಿಮೆ. ಸಂಶೋಧನಾ ಪತ್ರಿಕೆಗಳಲ್ಲಿ ಮಾತ್ರ ಯಾರು ಎಷ್ಟು ಕಡಿಮೆ ಪ್ರಮಾಣವನ್ನು ಹಿಡಿದರು ಎಂಬ ಪೈಪೋಟಿಯೇ ಜೋರು. ಅದೇ ಎಲೆಕ್ಟ್ರೋಡು ಆರು ತಿಂಗಳ ನಂತರ, ಬೇರೆಯವರ ಕೈಯಲ್ಲಿ, ನಿಜವಾದ ರಕ್ತದಲ್ಲಿ ಅದೇ ಅಂಕಿ ಕೊಟ್ಟಿತೇ ಎಂಬ ಪ್ರಶ್ನೆಗೆ ಅಲ್ಲಿ ಸಿಗುವ ಜಾಗ ಕಡಿಮೆ.

ಸಿಒಡಿ ಮೀಟರು ಈ ಗುಂಪಿನಿಂದ ಹೊರಬಂದು ಬಳಕೆಗೆ ಸಿಕ್ಕಿದ್ದಕ್ಕೆ ಕಾರಣವೂ ಇಲ್ಲೇ ಇದೆ. ಅದರಲ್ಲಿ ಕೆಡುವ ಕಿಣ್ವವಿಲ್ಲ, ಪ್ರತಿಕಾಯವಿಲ್ಲ. ಕೋಶದಲ್ಲಿ ಇರುವುದೆಲ್ಲ ಸುಟ್ಟು ಮುಗಿಯುವವರೆಗೆ ಕಾಯುವುದರಿಂದ ಬೆಳಕು ಸ್ವಲ್ಪ ಮಂಕಾದರೂ ಸಮಯ ಹಿಡಿಯುತ್ತದೆಯೇ ಹೊರತು ಒಟ್ಟು ಎಲೆಕ್ಟ್ರಾನಿನ ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ಹಾಗಿದ್ದೂ ಸಿಒಡಿ ಮೊದಲೇ ಗೊತ್ತಿರುವ ದ್ರಾವಣವೊಂದನ್ನು ಹಾಕಿ, ಅಂಕಿ ಸರಿ ಬಂತೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಕೊಳಚೆ ನೀರನ್ನು ಒಳಗೆ ಬಿಡುತ್ತಾರೆ.